ಒಂಬತ್ತು ಸಾವಿರ ಕಾರ್ಡು ಕಂಪ್ಯೂಟರ್‌ಗೆ ಏರುತ್ತಿರುವ ಬಗೆ

ರೋಗಿಗಳ ಚಿಕಿತ್ಸೆ ಬರೆದಿಟ್ಟ ಹಳೇ ಕಾರ್ಡುಗಳನ್ನೆಲ್ಲ ಒಂದೇ ಸಲ ಕಂಪ್ಯೂಟರ್‌ಗೆ ಹಾಕಿಸಲು ಹೋಗಬೇಡಿ. ರೋಗಿ ಬಂದ ದಿನ ಅವರ ಕಾರ್ಡನ್ನಷ್ಟೇ ಏರಿಸಿ. ಇದನ್ನು ಹೇಳಿದಾಗ ದಾವಣಗೆರೆಯ ನಮ್ಮ ದಂತವೈದ್ಯರ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಅರ್ಧ ಕಾಗದ, ಅರ್ಧ ಕಂಪ್ಯೂಟರ್ ಅಂದ್ರೆ ಎರಡೂ ಕೆಡ್ತಾವೆ ಡಾಕ್ಟ್ರೇ’ ಅಂದರು ಹಿರಿಯರೊಬ್ಬರು. ಈಗ ಎರಡು ವರ್ಷ ದಾಟಿದೆ. ಸಹಿ ಹಾಕಿಸುವ ಒಪ್ಪಿಗೆ ಪತ್ರ ಬಿಟ್ಟರೆ ನನ್ನ ಕ್ಲಿನಿಕ್‌ನಲ್ಲಿ ಹೊಸದಾಗಿ ಕಾಗದ ಬಳಸುವುದಿಲ್ಲ.

ಮೊದಲು ಎಲ್ಲರಂತೆ ಏಜೆನ್ಸಿಯೊಂದಕ್ಕೆ ಕೊಟ್ಟು ನೋಡಿದೆ. ಕಾರ್ಡಿಗೆ ಏಳೋ ಎಂಟೋ ರೂಪಾಯಿ. ಸ್ಯಾಂಪಲ್‌ಗೆಂದು ಒಂದು ಕಟ್ಟು ಕಳಿಸಿದ್ದೆ. ನಮ್ಮ ಹಳೇ ಕಾರ್ಡುಗಳೆಲ್ಲ ಪಾಮರ್ ಪದ್ಧತಿಯವು: ಬಾಯಿಯ ನಾಲ್ಕು ಭಾಗಗಳಲ್ಲಿ ಯಾವುದೆಂದು ತೋರಿಸಲು ಗೆರೆ ಎಳೆದು ಮೂಲೆಯಲ್ಲಿ 6 ಅಂತ ಬರೆದವು. ಟೈಪ್ ಮಾಡುವವರು ಗೆರೆ ಬಿಟ್ಟು ಬರೀ 6 ಒತ್ತಿದ್ದರು. ನಾಲ್ಕು ಭಾಗಗಳ ಆರನೇ ಹಲ್ಲುಗಳು, ಅಂದರೆ 16, 26, 36, 46 ನಾಲ್ಕೂ ಒಂದೇ ಆಗಿಹೋದವು. ಯಾವ ಹಲ್ಲಿಗೆ ರೂಟ್ ಕೆನಾಲ್ ಆಗಿದೆ ಎಂದೇ ತಿಳಿಯದ ದಾಖಲೆಯಿಂದ ಏನು ಪ್ರಯೋಜನ? ಕಟ್ಟು ವಾಪಸ್ ತರಿಸಿದೆ.

ಆಮೇಲೆ ಬಾಡಿಗೆ ಸಾಫ್ಟ್‌ವೇರ್, ವರ್ಷಕ್ಕೆ ಹದಿನೆಂಟು ಸಾವಿರದ ಹತ್ತಿರ. ಇಂಟರ್‌ನೆಟ್ ಹೋದರೆ ಕೆಲಸ ನಿಂತಿತು. ಬಿಡುತ್ತೇನೆ ಎಂದಾಗ ನನ್ನದೇ ರೋಗಿಗಳ ವಿವರವನ್ನು ಎಕ್ಸೆಲ್‌ನಲ್ಲಿ ಕೊಡಲು ತಿಂಗಳುಗಟ್ಟಲೆ ಸತಾಯಿಸಿದರು. ದುಡ್ಡು ಕಟ್ಟುವ ಮೊದಲೇ ಹತ್ತು ರೋಗಿಗಳ ವಿವರ ತುಂಬಿ, ಅದನ್ನು ಎಕ್ಸೆಲ್‌ಗೆ ಹೊರತೆಗೆದು ತೋರಿಸಿ ಅನ್ನಿ. ಎಕ್ಸ್‌ರೇ ಡೈಕಾಮ್‌ನಲ್ಲೇ (ವೈದ್ಯಕೀಯ ಚಿತ್ರಗಳ ಸಾಮಾನ್ಯ ಫೈಲ್ ಮಾದರಿ) ಹೊರಬರುತ್ತದೆಯೇ ಎಂದೂ ನೋಡಿ.

ಈಗಿನ ಸಾಫ್ಟ್‌ವೇರ್ ಕ್ಲಿನಿಕ್‌ನ ಕಂಪ್ಯೂಟರ್‌ನಲ್ಲೇ ಓಡುತ್ತದೆ. ಹಳೇ ಕಾರ್ಡಿನ ನಂಬರನ್ನೇ ಉಳಿಸಿಕೊಂಡೆ. ರೋಗಿ ಬಂದಾಗ ಕೌಂಟರ್‌ನ ಹುಡುಗಿ ಹೆಸರು, ಊರು, ಫೋನ್, ಸಕ್ಕರೆ-ಬಿಪಿ, ರಕ್ತ ತೆಳು ಮಾಡುವ ಮಾತ್ರೆ, ಅಲರ್ಜಿ ತುಂಬುತ್ತಾಳೆ. ಹಲ್ಲಿನ ಚಾರ್ಟ್ ಮಾತ್ರ ನಾನೇ, ಬಾಯಿ ನೋಡುತ್ತ ಎಫ್‌ಡಿಐ ಸಂಖ್ಯೆಯಲ್ಲಿ: ಮೊದಲ ಅಂಕಿ ಬಾಯಿಯ ಭಾಗಕ್ಕೆ, ಎರಡನೆಯದು ಹಲ್ಲಿಗೆ. ಹಳೇ ಚಿಕಿತ್ಸೆಯ ಬರಹವನ್ನು ಟೈಪ್ ಮಾಡುವ ಗೋಜೇ ಇಲ್ಲ. ಕಾರ್ಡಿನ ಎರಡೂ ಮಗ್ಗುಲಿನ ಫೋಟೋ ತೆಗೆದು ಜೋಡಿಸಿದರಾಯಿತು. ನಾಲ್ಕೈದು ನಿಮಿಷದ ಕೆಲಸ. ಏರಿಸಿದ ಕಾರ್ಡಿನ ಮೂಲೆಗೆ ಕೆಂಪು ಗುರುತು ಹಾಕಿ ಬೇರೆ ರ‍್ಯಾಕ್‌ಗೆ. ವರ್ಷ ತುಂಬುವಷ್ಟರಲ್ಲಿ ಒಂಬತ್ತು ಸಾವಿರದಲ್ಲಿ ಮೂರನೇ ಒಂದು ಪಾಲೂ ಏರಿರಲಿಲ್ಲ. ಆದರೆ ದಿನಾ ಬರುವ ಹಳಬರಲ್ಲಿ ಹತ್ತಕ್ಕೆ ಒಂಬತ್ತು ಜನ ಆಗಲೇ ಒಳಗಿದ್ದರು! ಉಳಿದವು ಅಟ್ಟದ ಮೇಲಿವೆ. ಆ ರೋಗಿಗಳು ಬಂದಾಗ ಇಳಿಸುತ್ತೇವೆ.

ಹುಡುಕುವುದೇ ದೊಡ್ಡ ತಲೆನೋವಾಗಿತ್ತು. ಜಗಳೂರು, ಹರಪನಹಳ್ಳಿ ಕಡೆಯಿಂದ ಬರುವ ಮನೆಗಳಲ್ಲಿ ಇಡೀ ಸಂಸಾರಕ್ಕೆ ಮಗನದೊಂದೇ ಫೋನ್ ನಂಬರ್. ಬಸವರಾಜ, ಮಂಜುನಾಥ ಲೆಕ್ಕವಿಲ್ಲದಷ್ಟು. ಇಂಗ್ಲಿಷ್‌ನಲ್ಲಿ ಹೊಡೆದರೆ ಒಂದೇ ಹೆಸರಿಗೆ ಮೂರು ಸ್ಪೆಲ್ಲಿಂಗ್. ಹೆಸರನ್ನು ಕನ್ನಡದಲ್ಲೇ ತುಂಬಿಸಿ, ಊರನ್ನು ಬೇರೆ ಕಾಲಂ ಮಾಡಿಸಿದೆ. ಇದರ ಜೊತೆ ಮನೆಗೊಂದು ಸಂಕೇತ ಕೊಡುವ ಉಪಾಯ ಕಂಡುಕೊಂಡಿದ್ದೇನೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಹಳೇ ಎಕ್ಸ್‌ರೇ ಫಿಲ್ಮುಗಳ ಮೇಲೂ ಪ್ರಯೋಗ ನಡೆಸಿದೆ. ಮಾಮೂಲಿ ಸ್ಕ್ಯಾನರ್‌ನಲ್ಲಿಟ್ಟರೆ ಕಪ್ಪು ಚೌಕ ಬರುತ್ತದೆ, ಯಾಕೆಂದರೆ ಬೆಳಕು ಹಿಂದಿನಿಂದ ಬೀಳಬೇಕು. ಫಿಲ್ಮ್ ನೋಡುವ ಬೆಳಕಿನ ಪೆಟ್ಟಿಗೆಯ (ವ್ಯೂ ಬಾಕ್ಸ್) ಮೇಲೆ ಫಿಲ್ಮ್ ಇಟ್ಟು, ಸುತ್ತ ಕಪ್ಪು ರಟ್ಟು ಮುಚ್ಚಿ, ರೂಮಿನ ದೀಪ ಆರಿಸಿ ಮೊಬೈಲ್‌ನಲ್ಲಿ ತೆಗೆದರೆ ಸೊಗಸಾಗಿ ಬರುತ್ತದೆ. ಫಿಕ್ಸರ್ ಎಂಬ ರಾಸಾಯನಿಕ ಸರಿಯಾಗಿ ತೊಳೆಯದೆ ಕಂದು ತಿರುಗಿದ ಫಿಲ್ಮಿನಲ್ಲೂ ಮೂಳೆಯ ಮಟ್ಟ ಕಾಣುತ್ತದೆ, ಹೋಲಿಸಲು ಅಷ್ಟು ಸಾಕು. ಅಳತೆಗೆ ಮಾತ್ರ ನಂಬಬೇಡಿ. ಬಾಯಲ್ಲಿ ಹೇಳಿ ಕಂಪ್ಯೂಟರ್‌ನಿಂದ ಬರೆಸುವುದನ್ನೂ ನೋಡಿದೆ, ಬಾಯಿಯ ನೀರು ಹೀರುವ ಸಕ್ಷನ್ ಸದ್ದಿನಲ್ಲಿ ಅದು ಆಗದ ಕೆಲಸ.

ದುಡ್ಡಿನ ಮಾತು. ಹಲ್ಲಿನ ಎಕ್ಸ್‌ರೇಯನ್ನು ಫಿಲ್ಮ್ ಇಲ್ಲದೆ ನೇರ ಕಂಪ್ಯೂಟರ್‌ಗೆ ಕಳಿಸುವ ಆರ್‌ವಿಜಿ ಸೆನ್ಸರ್ ಒಂದು ಲಕ್ಷದ ಮೇಲೆ, ಕಂಪ್ಯೂಟರ್, ಯುಪಿಎಸ್, ಸಾಫ್ಟ್‌ವೇರ್ ಸೇರಿ ಎರಡೂಕಾಲು ಲಕ್ಷದ ಆಸುಪಾಸು. ಫಿಲ್ಮ್, ಡೆವಲಪರ್, ಕಾರ್ಡು ಅಚ್ಚು ಹಾಕಿಸುವುದರಲ್ಲಿ ತಿಂಗಳಿಗೆ ಮೂರು ಸಾವಿರ ಉಳಿಯಿತು ಅನ್ನಿ, ಅದರಲ್ಲಿ ಸಾಲ ತೀರುವುದಿಲ್ಲ. ತೀರಿಸಿದ್ದು ಚಿಕಿತ್ಸೆ ಬಾಕಿ ಇರುವವರ ಪಟ್ಟಿ. ನೋವು ಹೋಯಿತೆಂದು ರೂಟ್ ಕೆನಾಲ್ ಅರ್ಧಕ್ಕೆ ಬಿಟ್ಟವರು, ಕ್ಯಾಪ್ ಹಾಕಿಸದೆ ಹೋದವರು ಎಷ್ಟು ಜನ ಎಂದು ಕಾರ್ಡಿನ ಕಾಲದಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಈಗ ಪ್ರತಿ ಶನಿವಾರ ಆ ಪಟ್ಟಿ ತೆಗೆದು ಫೋನ್ ಮಾಡಿಸುತ್ತೇನೆ. ಮೆಸೇಜ್‌ಗೆ ಯಾರೂ ಬರುವುದಿಲ್ಲ, ಫೋನಿಗೆ ಹೆಚ್ಚುಕಮ್ಮಿ ಅರ್ಧದಷ್ಟು ಜನ ಬರುತ್ತಾರೆ. ಹಲ್ಲು ಒಡೆದು ಕೀಳಿಸಿಕೊಳ್ಳುವ ಮೊದಲೇ ಅವರು ಬರುತ್ತಿರುವುದು ನನಗೆ ದುಡ್ಡಿಗಿಂತ ಹೆಚ್ಚಿನ ಸಮಾಧಾನ. ಸೆನ್ಸರ್ ದುಡ್ಡಂತೂ ವರ್ಷದೊಳಗೆ ವಾಪಸಾಯಿತು.

ರಾತ್ರಿ ಬಾಗಿಲು ಹಾಕುವ ಮೊದಲು ಬ್ಯಾಕಪ್ ಎರಡು ಡಿಸ್ಕಿಗೆ, ಒಂದು ಮನೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಅದನ್ನು ಬೇರೆ ಲ್ಯಾಪ್‌ಟಾಪ್‌ನಲ್ಲಿ ತೆರೆದು, ಯಾವುದಾದರೂ ಐದು ರೋಗಿಗಳ ಎಕ್ಸ್‌ರೇ ಬರುತ್ತದೆಯೇ ಎಂದು ನೋಡುತ್ತೇನೆ.