ಥ್ರಾಟಲ್ ಒಂದರಿಂದಲೇ ಇಳಿಸಿದ ವಿಮಾನ: ನನ್ನ ಅನುಭವ

ಶಿರಸಿಯ ಸಮೀಪದ ನಮ್ಮೂರಿನಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಬಯಲು ಬರಿದಾಗಿರುತ್ತದೆ. ರಿಮೋಟಿನಿಂದ ಹಾರಿಸುವ ಮಾದರಿ ವಿಮಾನಗಳನ್ನು ನಾನು ಇಳಿಸುವುದು ಅಲ್ಲಿಯೇ. ಕಳೆದ ಚಳಿಗಾಲದಲ್ಲಿ ನನ್ನ ಎರಡು ಮೋಟಾರಿನ ವಿಮಾನದ ಬಾಲವನ್ನೂ ರೆಕ್ಕೆಯಂಚಿನ ಪಟ್ಟಿಗಳನ್ನೂ ಅಲುಗಾಡದಂತೆ ಅಂಟಿಸಿ, ಮೋಟಾರುಗಳ ಬಲದಿಂದಷ್ಟೇ ಅದನ್ನು ಇಳಿಸಲು ಕಲಿತೆ.

ಇದಕ್ಕೆ ಪ್ರೇರಣೆ 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ನಡೆದ ಘಟನೆ. ಬಾಲದ ಎಂಜಿನ್ ಒಡೆದು ಬಾಲ ಮತ್ತು ರೆಕ್ಕೆಯ ಪಟ್ಟಿಗಳನ್ನು ದ್ರವದ ಒತ್ತಡದಿಂದ ಆಡಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಬರಿದಾದ ಡಿಸಿ-10 ವಿಮಾನವನ್ನು ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಸಂಗಡಿಗರು ಉಳಿದೆರಡು ಎಂಜಿನ್‌ಗಳ ಥ್ರಾಟಲ್‌ನಿಂದಲೇ, ಅಂದರೆ ಎಂಜಿನ್ ಬಲವನ್ನು ಏರಿಸಿ ಇಳಿಸುವ ಹಿಡಿಯಿಂದಲೇ, ರನ್‌ವೇವರೆಗೆ ತಂದರು. 296 ಜನರಲ್ಲಿ 184 ಮಂದಿ ಬದುಕುಳಿದರು.

ತಿರುಗಿಸುವುದು ಬೇಗ ಕೈಗೆ ಬಂತು: ಎಡ ಮೋಟಾರಿಗೆ ಹೆಚ್ಚು ಬಲ ಕೊಟ್ಟರೆ ವಿಮಾನ ಬಲಕ್ಕೆ ವಾಲಿ ಹೊರಳುತ್ತದೆ. ಕಷ್ಟವಿದ್ದದ್ದು ಏರಿಳಿತದಲ್ಲಿ. ಬಾಲ ಸ್ಥಿರವಾಗಿರುವ ವಿಮಾನಕ್ಕೆ ಬಲ ಹೆಚ್ಚಿಸಿದರೆ ಅದು ವೇಗವಾಗಿ ಸಾಗುವ ಬದಲು ಮೇಲೇರುತ್ತದೆ; ಏರುತ್ತ ವೇಗ ಕಳೆದುಕೊಂಡು ಮೂತಿ ತಗ್ಗಿಸುತ್ತದೆ, ಇಳಿಯುತ್ತ ವೇಗ ಗಳಿಸಿ ಮತ್ತೆ ಮೂತಿ ಎತ್ತುತ್ತದೆ. ಫ್ಯೂಗಾಯ್ಡ್ ಎನ್ನುವ ಈ ತೂಗಾಟವೇ ನನ್ನ ವಿಮಾನವನ್ನು ಮೂರು ಬಾರಿ ಗದ್ದೆಯ ಬದುವಿಗೆ ಬಡಿಯಿತು. ಮೂತಿ ಪೂರ್ತಿ ತಗ್ಗಿದ್ದನ್ನು ಕಂಡ ಮೇಲೆ ನಾನು ಥ್ರಾಟಲ್ ಏರಿಸುತ್ತಿದ್ದೆ. ಅದರ ಪರಿಣಾಮ ತಲುಪುವಷ್ಟರಲ್ಲಿ ವಿಮಾನ ತಾನಾಗಿಯೇ ಮೇಲೇಳುತ್ತಿದ್ದುದರಿಂದ ತೂಗಾಟ ಇಮ್ಮಡಿಯಾಗುತ್ತಿತ್ತು. ಮೂತಿ ತಗ್ಗಲು ತೊಡಗುವ ಕ್ಷಣದಲ್ಲೇ ತುಸು ಏರಿಸಿ, ಏಳಲು ತೊಡಗುವ ಕ್ಷಣದಲ್ಲೇ ತುಸು ಇಳಿಸಿ, ನಡುವೆ ಕೈಯನ್ನು ಬಲವಂತವಾಗಿ ಸುಮ್ಮನಿರಿಸುವುದನ್ನು ರೂಢಿಸಿಕೊಂಡ ಮೇಲಷ್ಟೇ ಅದು ಹತೋಟಿಗೆ ಬಂತು. ಇಂಥ ಸಣ್ಣ ತಿದ್ದುಗಳನ್ನು ಕಂಪ್ಯೂಟರಿಗೆ ಒಪ್ಪಿಸಿ ನಾಸಾ 1995ರ ಆಗಸ್ಟ್ 29ರಂದು ಎಂಡಿ-11 ವಿಮಾನವನ್ನು ಇಳಿಸಿದ್ದರ ಮಹತ್ವ ನನಗೆ ನಿಜವಾಗಿ ಅರ್ಥವಾದದ್ದೂ ಆಗಲೇ.

ನನಗೊಂದು ಅನುಕೂಲವಿತ್ತು: ಬಾಲವನ್ನು ಅಂಟಿಸುವಾಗಲೇ ನಿಧಾನಗತಿಗೆ ಹೊಂದಿಸಿಕೊಂಡಿದ್ದೆ. ಹೇನ್ಸ್ ಅವರಿಗೆ ಆ ಅವಕಾಶವಿರಲಿಲ್ಲ. ಅವರ ವಿಮಾನ ಗಂಟೆಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿತು.

ನೆಲ ಹತ್ತಿರವಾದಾಗ ಬಲ ಕಡಿಮೆ ಮಾಡುವುದು ನನ್ನ ಹಳೆಯ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಮೂತಿ ಕೂಡಲೇ ಕುಸಿಯುತ್ತದೆ. ಆದ್ದರಿಂದ ತೋಟದ ಕಡೆಯಿಂದ ಉದ್ದನೆಯ, ಇಳಿಜಾರು ತೀರ ಕಡಿಮೆಯಿರುವ ದಾರಿ ಹಿಡಿದು, ಕೊನೆಯ ಘಳಿಗೆಯಲ್ಲಿ ಒಂದಿಷ್ಟು ಬಲ ಸೇರಿಸಿದೆ. ವಿಮಾನ ಕೂಳೆಯ ಮೇಲೆ ಹೊಟ್ಟೆಯೂರಿ ಜಾರತೊಡಗಿದ ಬಳಿಕವೇ ಎರಡೂ ಮೋಟಾರುಗಳನ್ನು ನಿಲ್ಲಿಸಿದೆ.