ಡೆತ್‌ಟಚ್: ಒಂದೇ ಏಟು ಸಾಕು, ಆದರೆ ಅದು ಬೀಳಬೇಕು

‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡ್ ಆಟದಲ್ಲಿ ಡೆತ್‌ಟಚ್ (ಒಂದೇ ಡ್ಯಾಮೇಜ್‌ನಿಂದ ಕೊಲ್ಲುವ ಶಕ್ತಿ) ಇರುವ ಕಾರ್ಡ್ ಎದುರಾದರೆ ಸಾಕು, ಹೊಸಬರು ತಮ್ಮ ಕ್ರೀಚರನ್ನು (ಕಾದಾಡುವ ಜೀವಿಯ ಕಾರ್ಡನ್ನು) ತಾವೇ ಎತ್ತಿ ಗ್ರೇವ್‌ಯಾರ್ಡಿಗೆ, ಅಂದರೆ ಸತ್ತ ಕಾರ್ಡ್‌ಗಳ ರಾಶಿಗೆ, ಹಾಕಿಬಿಡುತ್ತಾರೆ. ನಾನೂ ಹಾಗೆ ಎಷ್ಟೋ ಕಾರ್ಡ್ ಕಳೆದುಕೊಂಡಿದ್ದೇನೆ. ತಪ್ಪು ‘ಸಾವಿನ ಸ್ಪರ್ಶ’ ಎಂಬ ಆ ಹೆಸರಿನದು. ನಿಯಮ ಕೇಳುವುದು ಮುಟ್ಟಿತೇ ಎಂದಲ್ಲ, ಡ್ಯಾಮೇಜ್ ಆಯಿತೇ ಎಂದು.

ಆದ್ದರಿಂದ ಮೊದಲು ಅದನ್ನೇ ನೋಡಿ. ‘ಟೈಫಾಯ್ಡ್ ರ‍್ಯಾಟ್ಸ್’ ಡೆತ್‌ಟಚ್ ಇರುವ ಬರೀ 1/1 ಇಲಿ (ಮೊದಲ ಅಂಕಿ ಪವರ್, ಅಂದರೆ ಅದು ಕೊಡುವ ಡ್ಯಾಮೇಜ್; ಎರಡನೆಯದು ಅದು ಸಾಯಲು ಬೇಕಾದ ಡ್ಯಾಮೇಜ್). 6/6 ದೈತ್ಯನನ್ನು ಅದು ಅಡ್ಡ ಬಂದು ಬ್ಲಾಕ್ ಮಾಡಿದರೆ ಇಲಿಯೂ ಸಾಯುತ್ತದೆ, ದೈತ್ಯನೂ ಸಾಯುತ್ತಾನೆ. ಒಂದು ಡ್ಯಾಮೇಜ್ ಸಾಕು. ಆದರೆ ದೈತ್ಯನಿಗೆ ಫಸ್ಟ್ ಸ್ಟ್ರೈಕ್ (ಮೊದಲು ಹೊಡೆಯುವ ಶಕ್ತಿ) ಇದ್ದರೆ ಏಟು ಕೊಡುವ ಮೊದಲೇ ಇಲಿ ಸತ್ತಿರುತ್ತದೆ. ಅದರ ಪವರ್ ಸೊನ್ನೆಗೆ ಇಳಿದಿದ್ದರೂ ಅಷ್ಟೇ, ದೈತ್ಯನಿಗೆ ಏನೂ ಆಗುವುದಿಲ್ಲ.

ಆಮೇಲೆ, ಏಟು ಯಾರಿಗೆ ಬಿತ್ತು? ಡೆತ್‌ಟಚ್ ಕೊಲ್ಲುವುದು ಕ್ರೀಚರನ್ನು ಮಾತ್ರ. ಆಟಗಾರನಿಗೆ ಬಿದ್ದರೆ 20 ಇದ್ದ ಲೈಫ್ 19 ಆಗುತ್ತದೆ, ಅಷ್ಟೇ.

ಟ್ರ್ಯಾಂಪಲ್ (ಅಡ್ಡ ಬಂದದ್ದಕ್ಕೆ ಸಾಯುವಷ್ಟು ಕೊಟ್ಟು ಮಿಕ್ಕ ಡ್ಯಾಮೇಜನ್ನು ಆಟಗಾರನಿಗೆ ದಾಟಿಸುವ ಶಕ್ತಿ) ಜೊತೆಗೂಡಿದಾಗ ನಿಜವಾದ ಮಜಾ. ಟ್ರ್ಯಾಂಪಲ್ ಇರುವ ನಿಮ್ಮ 5/5ಕ್ಕೆ ಎದುರಾಳಿಯ 4/4 ಅಡ್ಡ ಬಂತು ಎನ್ನಿ. ಮಾಮೂಲಿ ಲೆಕ್ಕದಲ್ಲಿ ನಾಲ್ಕು ಅದಕ್ಕೆ, ಮಿಕ್ಕ ಒಂದು ಆಟಗಾರನಿಗೆ. ನಿಮ್ಮದಕ್ಕೆ ಡೆತ್‌ಟಚ್ ಕೂಡ ಇದ್ದರೆ ಲೆಕ್ಕ ತಿರುಗುಮುರುಗು: ಕೊಲ್ಲಲು ಒಂದೇ ಸಾಕಾದ್ದರಿಂದ ನಾಲ್ಕು ನೇರ ಆಟಗಾರನಿಗೆ ಹೋಗಬಹುದು. ಇಬ್ಬರು ಅಡ್ಡ ಬಂದರೆ ತಲಾ ಒಂದು, ಉಳಿದ ಮೂರು ಆಚೆಗೆ. ಅಡ್ಡ ಬಂದದ್ದು ಇಂಡಿಸ್ಟ್ರಕ್ಟಿಬಲ್ ಆಗಿದ್ದರೆ? ಅದು ಸಾಯುವುದಿಲ್ಲ, ಆದರೂ ಅದಕ್ಕೆ ಒಂದೇ ಕೊಟ್ಟು ಉಳಿದದ್ದನ್ನು ದಾಟಿಸಬಹುದು. ಎದುರಾಳಿ ಬ್ಲಾಕ್ ಮಾಡಿದ ಮೇಲೆ ಇನ್‌ಸ್ಟಂಟ್ (ಕಾಳಗದ ನಡುವೆಯೂ ಹಾಕಬಹುದಾದ ಕಾರ್ಡ್) ಹಾಕಿ ಟ್ರ್ಯಾಂಪಲ್ ಕೊಟ್ಟರೂ ನಡೆಯುತ್ತದೆ. ಎದುರಾಳಿಯ ಮುಖ ನೋಡುವಂತಿರುತ್ತದೆ. ಒಂದು ಎಚ್ಚರ: ಡೆತ್‌ಟಚ್ ಅಡ್ಡ ಬಂದ ಕ್ರೀಚರಿನದಾಗಿದ್ದರೆ ನಿಮ್ಮ ಟ್ರ್ಯಾಂಪಲ್‌ಗೆ ಈ ಲಾಭವಿಲ್ಲ.

ಹಳೆಯ ಕಾರ್ಡ್ ಹಿಡಿದು ವಾದಕ್ಕೆ ಬರುವವರೂ ಇದ್ದಾರೆ. 2007ರ ‘ಫ್ಯೂಚರ್ ಸೈಟ್’ ಸೆಟ್‌ನಲ್ಲಿ ಡೆತ್‌ಟಚ್ ಎಂಬ ಹೆಸರು ಬಂದಾಗ ಅದು ಡ್ಯಾಮೇಜ್ ಆದ ಮೇಲೆ ಟ್ರಿಗರ್ ಆಗುವ, ಅಂದರೆ ಬೇರೆಯಾಗಿ ಚಾಲೂ ಆಗುವ ಶಕ್ತಿಯಾಗಿತ್ತು. 2009ರಲ್ಲಿ ಅದು ಬದಲಾಯಿತು. ಕಾರ್ಡಿನ ಮೇಲೆ ಅಂದು ಏನೇ ಅಚ್ಚಾಗಿರಲಿ, ಇಂದು ನಡೆಯುವುದು ಇಂದಿನ ನಿಯಮ.

ಕೊನೆಗೆ, ಡ್ಯಾಮೇಜ್ ಹಂಚುವಾಗ ಬಾಯಿಬಿಟ್ಟು ಹೇಳಿ: “ಇದಕ್ಕೆ ಒಂದು, ನಿನಗೆ ನಾಲ್ಕು.” ಮಿಕ್ಕದ್ದು ತಾನಾಗಿ ಆಟಗಾರನ ಮೇಲೆ ಹರಿಯುವುದಿಲ್ಲ, ಹಂಚಬೇಕಾದವರು ನೀವು. ಐದನ್ನೂ 4/4ರ ಮೇಲೇ ಸುರಿದು, ಅದು ಗ್ರೇವ್‌ಯಾರ್ಡ್ ಸೇರಿದ ಮೇಲೆ ನಾಲ್ಕು ವಾಪಸ್ ಕೇಳಿದರೆ ಯಾರೂ ಕೊಡುವುದಿಲ್ಲ.