ಜಾಲಿಮುಳ್ಳಿನ ಸೀಮೆಗೆ ಕಾರ್ಬನ್ ಸೈಕಲ್ ಬಂದಾಗ

ಹೊಸ ಕಾರ್ಬನ್ ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣಿನ ದಾರಿಗೂ ಒಗ್ಗುವ ಸೈಕಲ್) ಕಂಡವರೆಲ್ಲ ಮೊದಲು ಅದನ್ನು ಎತ್ತಿ ನೋಡುತ್ತಾರೆ. ಗಂಗಾವತಿಯ ನಮ್ಮ ಓಣಿಯ ಪಂಚರ್ ಅಂಗಡಿಯವರೂ ಎತ್ತಿದರು, ಬೆರಳಿಂದ ತಟ್ಟಿದರು. ‘ಇದು ಪ್ಲಾಸ್ಟಿಕ್ ಐತೇನ್ರಿ?’ ಪೂರ್ತಿ ತಪ್ಪಲ್ಲ. ಕಾರ್ಬನ್ ಎಳೆಗಳನ್ನು ಅಂಟುರಾಳದೊಂದಿಗೆ ಪದರ ಪದರವಾಗಿ ಅಚ್ಚಿನಲ್ಲಿ ಕೂರಿಸಿ, ಬಿಸಿಗೆ ಗಟ್ಟಿ ಮಾಡಿದ್ದು ಅದು. ಹಗುರ ಹೌದು. ಆದರೆ ಸೈಕಲ್ ಹೇಗಿದೆ ಎಂದು ಹೇಳಲು ಒಂದು ವಾರ ತಡೆಯಿರಿ.

ಮೊದಲು ಪೆಡಲ್. ಇಷ್ಟು ದುಡ್ಡು ಕೊಟ್ಟರೂ ಡಬ್ಬಿಯಲ್ಲಿ ಪೆಡಲ್ ಇರುವುದೇ ಅಪರೂಪ, ಬೇರೆ ಕೊಳ್ಳಬೇಕು. ಅದರ ತಿರುಪಿನ ಮರೆಗೆ (ಥ್ರೆಡ್ಡಿಗೆ) ಗ್ರೀಸ್ ಸವರಿ ಹಾಕಿ. ಎಡಗಡೆಯದು ಉಲ್ಟಾ ಮರೆ, ಎಡಕ್ಕೆ ತಿರುಗಿಸಿ ಬಿಗಿಯಬೇಕು, ನೆನಪಿರಲಿ.

ಸೀಟಿನ ಕಂಬವೂ ಕಾರ್ಬನ್ ಆಗಿದ್ದರೆ ಅದಕ್ಕೆ ಗ್ರೀಸ್ ಬೇಡ. ಮರಳಿನಂತೆ ತರಿತರಿಯಾದ ಕಾರ್ಬನ್ ಪೇಸ್ಟ್ ಸವರಿ. ಕಡಿಮೆ ಬಿಗಿತದಲ್ಲೇ ಜಾರದೆ ನಿಲ್ಲುತ್ತದೆ. ‘ಇನ್ನೊಂದ್ ಸುತ್ತು ಬಿಗಿ ಮಾಡ್ಲೇನ್ರಿ?’ ಎಂದು ಯಾರಾದರೂ ಪಾನಾ ಎತ್ತಿದರೆ ಕೈ ಹಿಡಿಯಿರಿ. ಕಬ್ಬಿಣ ಸಹಿಸುತ್ತದೆ, ಕಾರ್ಬನ್ ಒಳಗೊಳಗೇ ಸೀಳುತ್ತದೆ. ಎಷ್ಟು ಬಿಗಿಯಬೇಕೆಂಬ ಅಂಕಿ ಬೋಲ್ಟಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಬಿಗಿತ ಅಳೆದು ತೋರಿಸುವ ಟಾರ್ಕ್ ಪಾನಾ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಇನ್ನು ಟೈರು. ನಮ್ಮ ಕಡೆ ಸೈಕಲ್ಲಿನ ಹಣೆಬರಹ ನಿರ್ಧಾರವಾಗುವುದು ಇಲ್ಲೇ. ಬಳ್ಳಾರಿಯ ಹೆಸರು ಹೊತ್ತ ಜಾಲಿ ಕೊಪ್ಪಳದ ಕಾಲುವೆ ದಂಡೆಯನ್ನೂ ಬಿಟ್ಟಿಲ್ಲ. ಅದರ ಮುಳ್ಳಿಗೆ ಫ್ರೇಮು ಯಾವುದಾದರೇನು? ರಿಮ್ಮು, ಟೈರು ಎರಡೂ ಟ್ಯೂಬ್‌ಲೆಸ್‌ಗೆ ಒಗ್ಗುವಂಥವಾಗಿದ್ದರೆ ಒಳಗಿನ ಟ್ಯೂಬ್ ತೆಗೆಸಿ, ಪ್ರತಿ ಟೈರಿಗೆ ಸುಮಾರು 60 ಮಿಲಿ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿಸಿ. ಮುಳ್ಳು ಚುಚ್ಚಿದರೆ ಕಿತ್ತು, ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ. ಸಣ್ಣ ತೂತಾದರೆ ತಾನೇ ಮುಚ್ಚುತ್ತದೆ. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೋಡಿ.

ಹವಾ ಎಷ್ಟು? ನಾನು ಮೊದಲ ದಿನ 50 ಪಿಎಸ್ಐ ಹೊಡೆದು ತುಂಗಭದ್ರಾ ಎಡದಂಡೆ ಕಾಲುವೆಯ ಮೊರಂ ದಾರಿ ಹಿಡಿದೆ. ಅರ್ಧ ಗಂಟೆಗೆ ಅಂಗೈ ಜೋಮು ಹಿಡಿಯಿತು. ‘ಕಾರ್ಬನ್ ಅದುರು ನುಂಗುತ್ತೆ ಅಂದಿದ್ದರಲ್ಲ!’ ಎಂದು ಬೈದುಕೊಂಡೆ. ಮರುದಿನ ಮುಂದೆ 32, ಹಿಂದೆ 35 ಇಟ್ಟೆ (ನನ್ನ ತೂಕ 70 ಕಿಲೋ, ಟೈರು 40 ಮಿ.ಮೀ.). ಅದೇ ದಾರಿ, ಅದೇ ಸೈಕಲ್, ಗದ್ದೆಯ ಕೊಕ್ಕರೆ ಎಣಿಸುವಷ್ಟು ಆರಾಮ. ಸುಖ ಸಿಕ್ಕಿದ್ದು ಫ್ರೇಮಿಗಿಂತ ಹೆಚ್ಚಾಗಿ ಟೈರಿನಿಂದ.

ಡಿಸ್ಕ್ ಬ್ರೇಕು ಹೊಸದರಲ್ಲಿ ಮೊಂಡು. ಖಾಲಿ ರಸ್ತೆಯಲ್ಲಿ ವೇಗ ಪಡೆದು, ಪೂರ್ತಿ ನಿಲ್ಲದಂತೆ ನಡಿಗೆಯ ವೇಗಕ್ಕೆ ತನ್ನಿ. ಇಪ್ಪತ್ತು ಸಲ ಮಾಡಿದರೆ ಹಿಡಿತ ಬರುತ್ತದೆ.

ಇಷ್ಟಾದ ಮೇಲೆ ಆನೆಗೊಂದಿ, ಸಾಣಾಪುರದ ಕಡೆ ಹೊರಡಿ. ಬಂಡೆಗಳ ನಡುವಿನ ಏರಿನಲ್ಲಿ ತುಳಿದದ್ದು ವ್ಯರ್ಥವಾಗದೆ ಗಾಲಿಗೆ ಹೋಗುತ್ತದೆ. ಕಾರ್ಬನ್ನಿನ ಬೆಲೆ ನನಗೆ ಅರ್ಥವಾದದ್ದು ಅಲ್ಲಿ.

ಮಳೆ ಬಿದ್ದ ಮರುದಿನ ಮಾತ್ರ ಎರೆ ಹೊಲದ ದಾರಿ ಬೇಡ. ಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿ, ಗಾಲಿ ತಿರುಗಿದಂತೆಲ್ಲ ಕಾರ್ಬನ್ ಉಜ್ಜಿ ಸವೆಸುತ್ತದೆ. ಸಿಕ್ಕಿಬಿದ್ದರೆ ತುಳಿಯಬೇಡಿ, ಇಳಿದು ಕೆರೆಯಿರಿ. ಮುಳ್ಳು ಸವರಿದ ಜಾಲಿ ಕಡ್ಡಿ ಅದಕ್ಕೆ ಚೆನ್ನ.